ಲಗ್ನ ಆಗಿಲ್ಲ, ಇಬ್ಬರೂ ಸೇರಿ ಎರಡನೇ ಮನೆ ಕೊಳ್ತೀರಾ?

"ಲಗ್ನ ಆಗ್ಲಾರ್ದವರಿಗಿ ಸರ್ಕಾರ ಜಾಸ್ತಿ ರೊಕ್ಕ ಹಾಕ್ತದಂತ, ಖರೇನು ಯವ್ವಾ?" ಅಂತ ಸೊನ್ನದಿಂದ ಕಾಕಾ ಫೋನ್ ಮಾಡಿದ್ರು. ಬೆಂಗಳೂರಿನಲ್ಲಿ ನನ್ನ ಹೆಸರಲ್ಲಿ ಒಂದು ಫ್ಲ್ಯಾಟ್ ಇದೆ. ಈಗ ನಾನು, ನನ್ನ ಸಂಗಾತಿ ಸೇರಿ ಕಲಬುರಗಿಯಲ್ಲಿ ಒಂದು ಹಳೇ ಮನೆ ನೋಡಿದ್ದೀವಿ. ದವಾಖಾನಿಗೆ ಅಂತ ಸೊನ್ನದಿಂದ ಓಡಾಡಿ ಅವ್ವ ಸುಸ್ತಾಗಿದ್ದಾಳೆ, ಅಲ್ಲೇ ಇರಲಿ ಅಂತ.

ಕಾಕಾನ ಪ್ರಶ್ನೆಗೆ ಉತ್ತರ: ಇಲ್ಲ. ಕರ್ನಾಟಕದಲ್ಲಿ ಖರೀದಿಗೆ ಮದುವೆಯನ್ನೂ ಕೇಳಲ್ಲ, ಇದು ಎಷ್ಟನೇ ಮನೆ ಅಂತಲೂ ಕೇಳಲ್ಲ. ಇಂಗ್ಲೆಂಡಿನಲ್ಲಿ ಕೇಳ್ತಾರೆ. ಅಲ್ಲಿ ಎರಡನೇ ಮನೆಗೆ ಹೆಚ್ಚುವರಿ ತೆರಿಗೆ 2024ರ ಅಕ್ಟೋಬರ್ 31ರಿಂದ ಶೇ. 3ರ ಬದಲು ಶೇ. 5 ಆಯ್ತು, ಗಂಡ-ಹೆಂಡತಿಯನ್ನು ಒಂದೇ ಘಟಕ ಅಂತ ಎಣಿಸ್ತಾರೆ.

ನಮ್ಮಲ್ಲಿ ನಗರದ ಹಳೇ ಮನೆಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಶೇ. 10 ಸೆಸ್, ಶೇ. 2 ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. 40 ಲಕ್ಷದ ಮನೆಗೆ ಒಟ್ಟು 3,04,000 ರೂ. ಮದುವೆಯಾದವರಿಗೂ ಇಷ್ಟೇ.

ವ್ಯತ್ಯಾಸ ಬರೋದು ಆಮೇಲೆ. ನಮ್ಮದು 24 ಲಕ್ಷ ನನ್ನ ಪಾಲು, 16 ಲಕ್ಷ ಅವನದು. ನಾಳೆ ಅವನು ತನ್ನ ಪಾಲನ್ನು ನನಗೆ ದಾನಪತ್ರ ಮಾಡಿಕೊಟ್ಟರೆ, ಗಂಡ-ಹೆಂಡತಿಯಾಗಿದ್ದರೆ ಮುದ್ರಾಂಕಕ್ಕೆ ಕೆಲವೇ ಸಾವಿರದ ನಿಗದಿತ ಶುಲ್ಕ. ನಮಗೆ ಪೂರ್ತಿ ಶೇ. 5: ಸೆಸ್ ಎಲ್ಲ ಸೇರಿ 89,600 ರೂ., ನೋಂದಣಿ ಬೇರೆ. ಅಷ್ಟಕ್ಕೇ ಮುಗಿಯಲ್ಲ. ಆದಾಯ ತೆರಿಗೆ ಕಾನೂನಿನ 'ಸಂಬಂಧಿ' ಪಟ್ಟಿಯಲ್ಲಿ ಸಂಗಾತಿ ಇಲ್ಲ, ಹಾಗಾಗಿ 50,000 ಮೀರಿದ ದಾನ ಅಂತ ಆ 16 ಲಕ್ಷ ನನ್ನ ಆದಾಯಕ್ಕೇ ಸೇರುತ್ತೆ!

ದುಡ್ಡು ಯಾರ ಖಾತೆಯಿಂದ ಹೋಗುತ್ತೆ ಅನ್ನೋದನ್ನೂ ಹಗುರವಾಗಿ ತಗೋಬೇಡಿ. ಪೂರ್ತಿ ದುಡ್ಡು ನಾನು ಕೊಟ್ಟು ಮನೆ ಅವನ ಹೆಸರಿಗೆ ಮಾಡಿಸಿದರೆ ಬೇನಾಮಿ ಅನ್ನಿಸಿಕೊಳ್ಳೋ ಅಪಾಯ ಇದೆ. ತೋರಿಸಬಲ್ಲ ಆದಾಯದಿಂದ ಗಂಡ, ಹೆಂಡತಿ, ಮಕ್ಕಳ ಹೆಸರಲ್ಲಿ ಕೊಂಡರೆ ವಿನಾಯಿತಿ ಉಂಟು, ಸಂಗಾತಿಗೆ ಇಲ್ಲ. ಅದಕ್ಕೇ ಅವರವರ ಪಾಲು ಅವರವರ ಬ್ಯಾಂಕಿನಿಂದಲೇ ಕಟ್ಟಿ, ಖರೀದಿ ಪತ್ರದಲ್ಲಿ 60:40 ಅಂತ ಬರೆಸ್ತಿದ್ದೀವಿ. ಏನೂ ಬರೆಸದಿದ್ದರೆ, ಯಾರು ಎಷ್ಟು ಕೊಟ್ಟರು ಅನ್ನೋ ಪುರಾವೆಯೂ ಇಲ್ಲದಿದ್ದರೆ, ಕಾನೂನು ಸಮಪಾಲು ಅಂತಲೇ ಊಹಿಸುತ್ತೆ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಇದ್ಯಾವುದೂ ಅಲ್ಲ. ಅವನಿಗೆ ಏನಾದರೂ ಆದರೆ, ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಅವನ 40 ಭಾಗ ಅವನ ತಾಯಿಗೆ ಹೋಗುತ್ತೆ. ಅವರು ನಮ್ಮ ಅವ್ವನ ಮುಖವನ್ನೇ ನೋಡಿಲ್ಲ. ಪಾಲು ಮಾಡಿಕೊಡಿ ಅಂತ ಅವರು ಕೋರ್ಟಿಗೆ ಹೋದರೆ ತಪ್ಪೂ ಅಲ್ಲ. ಆದರೆ ಅವ್ವ ಎಲ್ಲಿಗೆ ಹೋಗ್ಬೇಕು?

ಇದಕ್ಕೆ ದಾರಿ ವಿಲ್. ಮುದ್ರಾಂಕ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿಯ ದಿನವೇ ಇಬ್ಬರೂ ಬರೆಸ್ತೀವಿ. ಅವ್ವ ಇರೋವರೆಗೂ ಆ ಮನೆಯಲ್ಲಿ ವಾಸದ ಹಕ್ಕು ಆಕೆಯದು ಅನ್ನೋ ಸಾಲು ಇಬ್ಬರ ವಿಲ್‌ನಲ್ಲೂ ಇರುತ್ತೆ.