ಕಡಲ ತಳದಿಂದ ಸಂಪಾಜೆ ಘಾಟಿಗೆ

ಪೊನ್ನಂಪೇಟೆಯವನಾದ ನನಗೆ ನೀರೆಂದರೆ ತಿಂಗಳುಗಟ್ಟಲೆ ಮೇಲಿನಿಂದ ಸುರಿಯುವ ವಸ್ತು. ಅದರ ಕೆಳಗಿಳಿದು ಉಸಿರಾಡಬಹುದೆಂಬ ಕಲ್ಪನೆ ನಮ್ಮ ಕಡೆಯವರಿಗೆ ಸುಲಭವಾಗಿ ಬರುವುದಲ್ಲ. ಆದರೂ ಮಳೆಗಾಲ ಕಳೆದೊಡನೆ, ಮುರ್ಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪಕ್ಕೆ ಕೊಡಗಿನಿಂದಲೂ ಜನ ಹೋಗುತ್ತಾರೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿ ಮುಳುಗಿದ್ದನ್ನು ಕಂಡ ಮೇಲಂತೂ ತರುಣರ ಉತ್ಸಾಹ ಇಮ್ಮಡಿಸಿದೆ. ಹೋಗಿ ಬಂದವರು ಹವಳವನ್ನೂ ಗಿಳಿಮೀನನ್ನೂ ವರ್ಣಿಸುತ್ತಾರೆ. ನಾನು ಹೇಳಹೊರಟಿರುವುದು ಕಣ್ಣಿಗೆ ಕಾಣದ ಇನ್ನೊಂದು ವಸ್ತುವನ್ನು ಕುರಿತು, ಗಾಳಿಯನ್ನು ಕುರಿತು.

ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕವೆಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ; ನಾವು ನೀವು ಉಸಿರಾಡುವ ಗಾಳಿಯನ್ನೇ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ. ಅದನ್ನು ಉಸಿರೆಳೆದಾಗ ಮಾತ್ರ, ಬೇಕಾದಷ್ಟು ಮಾತ್ರ ಬಿಡುವ ಕವಾಟವೇ ಈ ವಿದ್ಯೆಯ ಜೀವಾಳ. 1943ರಲ್ಲಿ ಫ್ರಾನ್ಸಿನ ಮೆಡಿಟರೇನಿಯನ್ ತೀರದಲ್ಲಿ ನೌಕಾಧಿಕಾರಿ ಕೂಸ್ತೊ ಅದನ್ನು ಧರಿಸಿ ಮುಳುಗಿದ. ರೂಪಿಸಿಕೊಟ್ಟ ಎಂಜಿನಿಯರ್ ಗಾನ್ಯಾನ್ ಅದಕ್ಕೂ ಮೊದಲು, ಯುದ್ಧಕಾಲದ ಪೆಟ್ರೋಲ್ ಅಭಾವದಲ್ಲಿ, ಮೋಟಾರುಗಳಿಗೆ ಗ್ಯಾಸ್ ಒದಗಿಸುವ ಕವಾಟವನ್ನು ರಚಿಸಿದ್ದನಂತೆ. ಮೋಟಾರಿಗೆಂದು ಹುಟ್ಟಿದ್ದು ಮನುಷ್ಯನ ಶ್ವಾಸಕೋಶಕ್ಕೆ ಒದಗಿತು!

ಕಡಲಿನಲ್ಲಿ ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಕವಾಟವೂ ಅದೇ ಒತ್ತಡದ ಗಾಳಿಯನ್ನು ಕೊಡುವುದರಿಂದ ಎದೆಗೆ ಭಾರ ತಿಳಿಯದು. ಆದರೆ 10 ಮೀಟರಿನಲ್ಲಿ ಎದೆ ತುಂಬ ಎಳೆದ ಉಸಿರನ್ನು ಬಿಗಿಹಿಡಿದು ಮೇಲೇರಿದರೆ ಆ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. “ಏನು ಮರೆತರೂ ಉಸಿರು ಹಿಡಿಯಬೇಡಿ ಸಾರ್” ಎಂದು ದೋಣಿಯಲ್ಲಿ ನಮ್ಮ ತರಬೇತುದಾರ ನಾಲ್ಕು ಸಲ ಹೇಳಿದ್ದು ಇದಕ್ಕೇ.

ಇನ್ನೊಂದು ಅಪಾಯ ನಿಧಾನವಾದುದು. ಗಾಳಿಯ ಮುಕ್ಕಾಲಿಗೂ ಹೆಚ್ಚು ಪಾಲು ಸಾರಜನಕ. ಒತ್ತಡ ಹೆಚ್ಚಿದಂತೆಲ್ಲ ಅದು ರಕ್ತಮಾಂಸಗಳಲ್ಲಿ ಕರಗುತ್ತ ಹೋಗುತ್ತದೆ. ಗೋಲಿ ಸೋಡಾ ನೆನೆದುಕೊಳ್ಳಿ: ಗೋಲಿ ಕುಳಿತಿರುವವರೆಗೆ ನೀರು ತಿಳಿಯಾಗಿದೆ, ಒತ್ತಿದೊಡನೆ ಗುಳ್ಳೆ ಉಕ್ಕುತ್ತದೆ. ಮುಳುಗುಗಾರ ಸರ್ರನೆ ಮೇಲೆದ್ದರೆ ಅವನ ಮೈಯಲ್ಲಿಯೂ ಹಾಗೆಯೇ ಆದೀತು. ಕೀಲು ನೋವು, ಒಮ್ಮೊಮ್ಮೆ ಪಾರ್ಶ್ವವಾಯು. ಈ ಗುಳ್ಳೆಗಳು ಸಾರಜನಕದ್ದೆಂದು 1878ರಲ್ಲಿ ಪಾಲ್ ಬೇರ್ ತೋರಿಸಿಕೊಟ್ಟ. ತಡೆತಡೆದು ಮೇಲೇರುವ ಲೆಕ್ಕವನ್ನು 1908ರಲ್ಲಿ ಹಾಲ್ಡೇನ್ ಕೊಟ್ಟ.

ನೀರಿನಿಂದ ಹೊರಬಂದ ಮೇಲೂ ಕರಗಿದ ಸಾರಜನಕವೆಲ್ಲ ತೀರಲು ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ವಿಮಾನ ಹತ್ತಬಾರದೆಂಬುದು ಬಹುಮಂದಿಗೆ ಗೊತ್ತು. ಘಾಟಿಯೂ ಅದೇ ಲೆಕ್ಕಕ್ಕೆ ಸೇರುವುದೆಂಬುದು ಹೊಳೆಯುವುದು ಕಡಮೆ. ಒಮ್ಮೆ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಳೆಯುವ ಮುನ್ನ 600 ಮೀಟರು ಎತ್ತರ ದಾಟಬಾರದೆಂದು ಬಲ್ಲವರ ಸಲಹೆ. ಪೊನ್ನಂಪೇಟೆ 800 ಮೀಟರಿಗೂ ಎತ್ತರ. ದಾರಿಯ ಮಡಿಕೇರಿ 1,100 ಮೀಟರಿಗೂ ಮೇಲೆ. ಅಲ್ಲಿಯ ಗಾಳಿಯ ಒತ್ತಡ ಕಡಲತೀರಕ್ಕಿಂತ ಹೆಚ್ಚುಕಡಮೆ ಎಂಟನೆಯ ಒಂದು ಪಾಲು ಕಡಮೆ. ಮಧ್ಯಾಹ್ನ ಮುರ್ಡೇಶ್ವರ ಬಿಟ್ಟ ಕಾರು ರಾತ್ರಿಯೊಳಗೆ ಮಡಿಕೇರಿ ಮುಟ್ಟುತ್ತದೆ. ಹೊಸಬರು ಇಳಿಯುವ ಆಳ ಹೆಚ್ಚಿಲ್ಲ, ಅಪಾಯವೂ ಅಲ್ಪವೇ. ಆದರೆ ಕಾಯುವುದಕ್ಕೆ ತಗಲುವ ವೆಚ್ಚ ಅದಕ್ಕಿಂತ ಅಲ್ಪ.

ತೋಟದಲ್ಲಿ ಕಾಫಿ ಕೊಯ್ಲು ನಡೆದಿತ್ತು. ಜೊತೆಗಿದ್ದ ತಮ್ಮನಿಗೆ ಅಂದೇ ಮರಳುವ ಆತುರ. ಎರಡೆರಡು ಸಲ ಇಳಿದಿದ್ದ ನಾವು ಗಂಟೆ ಎಣಿಸಿ, ಮಂಗಳೂರಿನಲ್ಲಿ ರಾತ್ರಿ ತಂಗಿ, ಮರುದಿನ ತಿಂಡಿ ಮುಗಿಸಿಯೇ ಸಂಪಾಜೆ ಘಾಟಿ ಹತ್ತಿದೆವು.