ಅಟ್ಟದ ಮೇಲಿನ ಗಿಟಾರಿಗೆ ಹೊಸ ಕೊರಳು

ಪುಣೆ: ಸಂಘದ ವಾರ್ಷಿಕೋತ್ಸವಕ್ಕೆ ತಪ್ಪದೆ ಹಾಜರಾಗುವವರಿಗೆ ಈ ದೃಶ್ಯ ಹೊಸತಲ್ಲ. ದೀಪ ಬೆಳಗಿಸಿ, ಸ್ವಾಗತ ಭಾಷಣ ಮುಗಿದು, ಗಣ್ಯರಿಗೆ ಶಾಲು, ಹಾರ, ಸ್ಮರಣಿಕೆ ಸಂದು, ಮಹಿಳಾ ವಿಭಾಗದ ನೃತ್ಯವೂ ಆದ ಮೇಲೆ ಯುವ ವಿಭಾಗದ ಹುಡುಗರು ಎಲೆಕ್ಟ್ರಿಕ್ ಗಿಟಾರ್ ಹಿಡಿದು ವೇದಿಕೆ ಏರುತ್ತಾರೆ. ವಯರ್ ಚುಚ್ಚಿದ ಕೂಡಲೇ ಸ್ಪೀಕರಿನಿಂದ 'ಗುಂಯ್' ಎಂಬ ಸದ್ದು ಸಭಾಂಗಣ ತುಂಬುತ್ತದೆ. ಮುಂದಿನ ಸಾಲಿನ ಹಿರಿಯರು ಮೈಕಿನವನತ್ತ ಕೈ ಬೀಸುತ್ತಾರೆ. ಮೈಕಿನವನು ಹುಡುಗರನ್ನು ನೋಡುತ್ತಾನೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಬಹಳ ಸಲ ತಪ್ಪು ಮೈಕಿನವನದ್ದಲ್ಲ, ಗಿಟಾರಿನ ಹೊಟ್ಟೆಯೊಳಗಿನದು. ಅದನ್ನು ಸರಿಪಡಿಸಲು ಹೊಸ ಗಿಟಾರೇ ಬೇಕೆಂದಿಲ್ಲ. ಒಂದು ಸ್ಕ್ರೂಡ್ರೈವರ್, ಒಂದು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್ ಮತ್ತು ಎರಡು ಭಾನುವಾರಗಳ ತಾಳ್ಮೆ ಇದ್ದರೆ ಹಳೆಯ ವಾದ್ಯಕ್ಕೆ ಹೊಸ ಕೊರಳು ಕೊಡಬಹುದು.

ಪುಣೆಯ ಕನ್ನಡಿಗರ ಮನೆಗಳಲ್ಲಿ ಇಂತಹ ಗಿಟಾರುಗಳಿಗೆ ಬರವಿಲ್ಲ. ತಂದೆ ಕಾಲೇಜಿನಲ್ಲಿದ್ದಾಗ ಕೊಂಡ ಕೋಲ್ಕತ್ತದ ಗಿವ್ಸನ್ ಅಟ್ಟದ ಮೇಲೆ ಧೂಳು ಹಿಡಿದಿರುತ್ತದೆ. ಇಲ್ಲವೇ ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಮಗನಿಗೆ ಕೊಡಿಸಿದ ಅಗ್ಗದ ಗಿಟಾರ್ ಕಪಾಟಿನ ಹಿಂದೆ ನಿಂತಿರುತ್ತದೆ. ಮಗ ಹೊಸತು ಕೇಳುತ್ತಾನೆ. ತಂದೆ 'ಮೊದಲು ಇದ್ದದ್ದನ್ನು ಬಾರಿಸು' ಎನ್ನುತ್ತಾರೆ. ಈ ಜಗಳದಲ್ಲಿ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಅಗ್ಗದ ಗಿಟಾರಿನ ಮರ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಕಾರ್ಖಾನೆಯವರು ಕಾಸು ಉಳಿಸುವುದು ಕಣ್ಣಿಗೆ ಕಾಣದ ಪಿಕಪ್, ಸ್ವಿಚ್, ಗುಂಡಿ ಮತ್ತು ಕಿವಿಗಳಲ್ಲಿ.

ಪಿಕಪ್ ಎಂಬುದು ಎಲೆಕ್ಟ್ರಿಕ್ ಗಿಟಾರಿನ ಜೀವಾಳ. ಆಯಸ್ಕಾಂತದ ಸುತ್ತ ಕೂದಲೆಳೆಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಆಯಸ್ಕಾಂತದ ಕ್ಷೇತ್ರ ಅಲುಗಿ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದೇ ಆಂಪ್ಲಿಫೈಯರಿಗೆ ಹೋಗಿ ನಾದವಾಗುತ್ತದೆ. ನೈಲಾನ್ ತಂತಿ ಹಾಕಿದರೆ ಈ ಪಿಕಪ್ ಮೂಕ. ಆದರೆ ಈ ಸುರುಳಿಗೆ ಗಿಟಾರಿನ ತಂತಿ ಯಾವುದು, ಗೋಡೆಯೊಳಗಿನ ಕರೆಂಟಿನ ವಯರ್ ಯಾವುದು ಎಂಬ ಭೇದವಿಲ್ಲ. ಟ್ಯೂಬ್‌ಲೈಟ್, ಡಿಮ್ಮರ್, ಟ್ರಾನ್ಸ್‌ಫಾರ್ಮರ್ ಎಲ್ಲದರ ಸದ್ದನ್ನೂ ಅದು ಹಿಡಿಯುತ್ತದೆ. ವೇದಿಕೆಯ ಗುಂಯ್ ಹುಟ್ಟುವುದು ಹೀಗೆ. ಅಮೆರಿಕದ ಗಿಬ್ಸನ್ ಕಂಪನಿಯ ಇಂಜಿನಿಯರ್ ಸೆತ್ ಲವರ್ 1955ರಲ್ಲಿ ಇದಕ್ಕೊಂದು ಉಪಾಯ ರೂಪಿಸಿದರು. ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟು, ಸುತ್ತು ಮತ್ತು ಆಯಸ್ಕಾಂತ ಎರಡನ್ನೂ ಪರಸ್ಪರ ವಿರುದ್ಧ ದಿಕ್ಕಿಗೆ ಜೋಡಿಸಿದರು. ಹೊರಗಿನ ಸದ್ದು ಒಂದನ್ನೊಂದು ಅಳಿಸಿಕೊಂಡಿತು, ತಂತಿಯ ನಾದ ಮಾತ್ರ ಕೂಡಿಕೊಂಡಿತು. ಗುಂಯ್ ಅಡಗಿಸುವ ಈ ಜೋಡಿ ಪಿಕಪ್ಪಿಗೆ ಹಂಬಕರ್ ಎಂದೇ ಹೆಸರು.

ತಪಕೀರ್ ಗಲ್ಲಿಯ ಸಂಪತ್ತು

ಬಿಡಿಭಾಗ ಹುಡುಕುವವರಿಗೆ ಪುಣೆ ಒಳ್ಳೆಯ ಊರು. ಬುಧವಾರ ಪೇಟೆಯ ತಪಕೀರ್ ಗಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ದೊಡ್ಡ ಪೇಟೆ. ತಪಕೀರ್ ಎಂದರೆ ಮರಾಠಿಯಲ್ಲಿ ನಶ್ಯ. ಈಗ ಅಲ್ಲಿ ಮೂಗಿಗೆ ಬಡಿಯುವುದು ಸೋಲ್ಡರಿನ ಹೊಗೆ. ಪಾಟ್, ಕೆಪ್ಯಾಸಿಟರ್, ಸ್ವಿಚ್, ಜಾಕ್, ತಾಮ್ರದ ಅಂಟುಪಟ್ಟಿ ಎಲ್ಲ ಇಂತಹ ಅಂಗಡಿಗಳಲ್ಲಿ ಸಿಗುವ ಸರಕು. ಕುತ್ತಿಗೆಯ ಸಂದಿಗೆ ಇಡುವ ಚಿಕ್ಕ ಚಕ್ಕೆಯೋ, ಹಳೆಯ ತೂತು ಮುಚ್ಚುವ ಮರದ ಬೆಣೆಯೋ ಬೇಕಾದರೆ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ ಇದೆ. ಅದೃಷ್ಟ ಪರೀಕ್ಷಿಸುವವರು ಬುಧವಾರ, ಭಾನುವಾರಗಳ ಜೂನಾ ಬಾಜಾರಿಗೂ ಸುತ್ತು ಹಾಕುತ್ತಾರೆ. ಪಿಕಪ್ ಮಾತ್ರ ಸಂಗೀತ ವಾದ್ಯಗಳ ಅಂಗಡಿಯಿಂದಲೋ ಆನ್‌ಲೈನಿನಿಂದಲೋ ಬರಬೇಕು.

ತಪಕೀರ್ ಗಲ್ಲಿಯಲ್ಲಿ ಒಂದು ಎಚ್ಚರ. ಅಂಗಡಿಯವನಿಗೆ 'ವಾಲ್ಯೂಮ್ ಪಾಟ್ ಕೊಡಿ' ಎಂದರೆ ರೇಡಿಯೋ, ಆಂಪ್ಲಿಫೈಯರಿನದ್ದನ್ನು ಕೊಟ್ಟಾನು. ಒಂಟಿ ಸುರುಳಿಯ ಪಿಕಪ್ಪಿಗೆ ಸಾಮಾನ್ಯವಾಗಿ 250 ಕಿಲೋ ಓಮ್, ಹಂಬಕರಿಗೆ 500 ಕಿಲೋ ಓಮ್ ಬೇಕು. ಕಡಿಮೆ ಹಾಕಿದರೆ ನಾದ ಮಂಕಾಗುತ್ತದೆ, ಹೆಚ್ಚು ಹಾಕಿದರೆ ಕಿವಿಗೆ ಚುಚ್ಚುತ್ತದೆ. ಪಾಟಿನ ದಂಡಕ್ಕೆ ಹಳೆಯ ಗುಂಡಿ ಕೂರುತ್ತದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು. ಹಳೆಯ ಪಾಟನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗುವುದು ಕ್ಷೇಮ.

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಮೊದಲ ದಿನವೇ ವಿದೇಶಿ ಪಿಕಪ್ ತರಿಸುವುದು. ಅದರ ಬೆಲೆ ಕೆಲವೊಮ್ಮೆ ಇಡೀ ಗಿಟಾರಿನ ಬೆಲೆಯನ್ನೂ ಮೀರುತ್ತದೆ. ಪಿಕಪ್ ಕೊನೆಯ ಸರದಿಯದು. ಮೊದಲು ಹೊಸ ತಂತಿ ಹಾಕಬೇಕು. ಆಮೇಲೆ ಜಾಕಿನ ನಟ್ ಬಿಗಿ ಮಾಡಿ, ಪಾಟುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಬೇಕು. ಗುಂಡಿ ತಿರುಗಿಸುವಾಗಿನ ಕರಕರ ಅರ್ಧಕ್ಕರ್ಧ ಅಲ್ಲಿಗೇ ನಿಲ್ಲುತ್ತದೆ. ಮಲ್ಟಿಮೀಟರಿನಲ್ಲಿ ಪಿಕಪ್ ಅಳೆದಾಗ ಒಂಟಿ ಸುರುಳಿ 5ರಿಂದ 7 ಕಿಲೋ ಓಮ್, ಹಂಬಕರ್ 7ರಿಂದ 9 ಅಥವಾ ಇನ್ನೂ ಹೆಚ್ಚು ತೋರಿಸಿದರೆ ಅದು ಬದುಕಿದೆ ಎಂದರ್ಥ. ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ.

ಇನ್ನು ಗುಂಯ್ ಸದ್ದಿನ ಪರೀಕ್ಷೆ. ಬಾರಿಸುವವನು ತಂತಿ ಮುಟ್ಟಿದಾಗ ಸದ್ದು ತಗ್ಗಿದರೆ ಗಿಟಾರಿನೊಳಗಿನ ಅರ್ತ್ ವಯರ್ ಸರಿಯಿದೆ, ಹೊಂಡಗಳ ಒಳಗೋಡೆಗೆ ತಾಮ್ರದ ಪಟ್ಟಿ ಅಂಟಿಸಿ ಅದನ್ನೂ ಅರ್ತಿಗೆ ಸೇರಿಸಿದರೆ ಬಹುಪಾಲು ಶಾಂತಿ. ತಂತಿ ಮುಟ್ಟಿದರೆ ಏನೂ ಆಗದೆ, ವಯರಿನ ತುದಿಯ ಲೋಹ ಮುಟ್ಟಿದಾಗ ಮಾತ್ರ ತಗ್ಗಿದರೆ ತಂತಿಯ ಬುಡಕ್ಕೆ ಹೋಗುವ ಅರ್ತ್ ವಯರ್ ಬಿಟ್ಟುಹೋಗಿದೆ. ಒಂದು ಬೊಟ್ಟು ಸೋಲ್ಡರಿನ ಕೆಲಸ.

ಇಷ್ಟೆಲ್ಲ ಆದ ಮೇಲೂ ನಾದ ಹಿಡಿಸದಿದ್ದರೆ ಪಿಕಪ್ ಬದಲಿಸಲಿ. ಹಂಬಕರಿನ ಅಗಲ ಒಂಟಿ ಸುರುಳಿಯ ಹೊಂಡಕ್ಕೆ ಹಿಡಿಸುವುದಿಲ್ಲ, ಮರ ಕೊರೆಯಬೇಕಾಗುತ್ತದೆ. ಕೊರೆದ ಮರ ಮತ್ತೆ ಬೆಳೆಯದು. ಒಂಟಿ ಸುರುಳಿಯ ಅಳತೆಯಲ್ಲೇ ಬರುವ ಜೋಡಿ ಸುರುಳಿಯ ಪಿಕಪ್ಪುಗಳೂ ಇರುವುದರಿಂದ ತಂದೆಯ ಗಿಟಾರಿಗೆ ಉಳಿ ಹಾಕುವ ಮೊದಲು ಅವನ್ನು ನೋಡುವುದು ಒಳಿತು.

ಉಳಿ ಹಾಕಿಯೇ ಚರಿತ್ರೆ ಸೇರಿದವರೂ ಇದ್ದಾರೆನ್ನಿ. ಅಮೆರಿಕದ ಎಡ್ಡಿ ವಾನ್ ಹೇಲನ್ 1970ರ ದಶಕದಲ್ಲಿ 50 ಡಾಲರಿಗೆ ಸಿಕ್ಕ ದೋಷವಿದ್ದ ಮರದ ದೇಹಕ್ಕೆ 80 ಡಾಲರಿನ ಕುತ್ತಿಗೆ ಜೋಡಿಸಿ, ಬೇರೊಂದು ಗಿಟಾರಿನಿಂದ ಕಿತ್ತ ಹಂಬಕರನ್ನು ಕರಗಿದ ಮೇಣದಲ್ಲಿ ಅದ್ದಿ ಕೂರಿಸಿದರು. ಮೇಣ ಸುರುಳಿಯ ಎಳೆಗಳನ್ನು ಅಲುಗದಂತೆ ಹಿಡಿದು ಕೀರಲು ಸದ್ದನ್ನು ತಡೆಯುತ್ತದೆ. ಆ 'ಫ್ರಾಂಕನ್‌ಸ್ಟೈನ್' ಗಿಟಾರ್ 1978ರ ಅವರ ಮೊದಲ ಆಲ್ಬಮ್ಮಿನಿಂದಲೇ ಪ್ರಸಿದ್ಧವಾಯಿತು. ಆದರೆ ಸಂಗೀತ ಸಭಾದ ರಸಿಕರಿಗೆ ಇನ್ನೂ ಹತ್ತಿರದ ಉದಾಹರಣೆ ಮ್ಯಾಂಡೊಲಿನ್ ಯು. ಶ್ರೀನಿವಾಸ್. ಮ್ಯಾಂಡೊಲಿನ್ನಿನ ನಾದ ಬೇಗ ಸಾಯುತ್ತದೆ, ಗಮಕಕ್ಕೆ ಒದಗದು ಎಂಬ ಮಾತಿತ್ತು. ಅವರು ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು, ಜೋಡಿ ತಂತಿಗಳನ್ನು ಒಂಟಿ ಮಾಡಿ, ಐದನೆಯ ತಂತಿ ಸೇರಿಸಿಕೊಂಡರು. 2014ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಮಾತನ್ನು ಆಡುವವರು ಉಳಿದಿರಲಿಲ್ಲ.

ಬೆರಳಡಿಯ ಮಲೆನಾಡು

ಗಿಟಾರಿನ ಕುತ್ತಿಗೆಯ ಮೇಲೆ ಬೆರಳು ಓಡುವ ಕಪ್ಪು-ಕಂದು ಹಲಗೆ ಎಷ್ಟೋ ಸಲ ಬೀಟೆ ಮರದ್ದು. ಬ್ರೆಜಿಲ್ಲಿನ ಬೀಟೆ ದುರ್ಲಭವಾಗತೊಡಗಿದ 1960ರ ದಶಕದಿಂದ ಪಾಶ್ಚಾತ್ಯ ಕಂಪನಿಗಳು ಭಾರತದ ಬೀಟೆಯತ್ತ ಹೊರಳಿದವು. ಪಶ್ಚಿಮ ಘಟ್ಟದ, ನಮ್ಮ ಕೊಡಗು-ಮಲೆನಾಡುಗಳಲ್ಲೂ ಬೆಳೆಯುವ ಮರವಿದು. 2017ರ ಜನವರಿಯಲ್ಲಿ ಬೀಟೆ ಕುಲದ ಮರಗಳ ಅಂತಾರಾಷ್ಟ್ರೀಯ ವ್ಯಾಪಾರದ ಮೇಲೆ ಸೈಟ್ಸ್ ಒಪ್ಪಂದದ ಬಿಗಿ ನಿಯಮ ಬಂದಾಗ ಗಿಟಾರ್ ಕಂಪನಿಗಳು ಕಂಗಾಲಾದವು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಅಗ್ಗದ ಗಿಟಾರುಗಳಿಗೆ 'ಇಂಡಿಯನ್ ಲಾರೆಲ್' ಎಂಬ ಮರ ಬಂದಿತ್ತು. ಹೆಸರು ಕೇಳಿ ಮರುಳಾಗಬೇಕಿಲ್ಲ, ಅದು ಊರಿನ ಮತ್ತಿ ಮರ! ಅಟ್ಟದ ಗಿಟಾರಿನ ಹಲಗೆ ಒಣಗಿ ಬಿಳಿಚಿಕೊಂಡಿದ್ದರೆ ವರ್ಷಕ್ಕೊಮ್ಮೆ ಎರಡು ಹನಿ ಮಿನರಲ್ ಎಣ್ಣೆ ಸವರಿ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಕಮಟು ವಾಸನೆ ಹಿಡಿಯುತ್ತದೆ.

ಪುಣೆಯ ಮಳೆಗಾಲದ ತೇವ, ಬೇಸಿಗೆಯ ಒಣ ಗಾಳಿ ಎರಡಕ್ಕೂ ಕುತ್ತಿಗೆ ಬಾಗುತ್ತದೆ. ಒಳಗಿನ ಉಕ್ಕಿನ ಸರಳನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಂತಿ ಪಟ್ಟಿಗೆ ತಾಗಿ ಜುಯ್ ಎಂದರೆ ಗಿಟಾರಿನಲ್ಲಿ ಅದು ದೋಷ. ತಂಬೂರಿಯಲ್ಲಿ ಅದೇ ಗುಣ, ಅದಕ್ಕೆ ಜವಾರಿ ಎಂದು ಹೆಸರು. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿಗೆ ಹೋಗುವ ರೈಲು ನಿಲ್ಲುವ ಮೀರಜ್ ಜಂಕ್ಷನ್ನಿನ ಊರಿನಲ್ಲೇ ಆ ಜವಾರಿ ತೆಗೆಯುವ ಕುಶಲಕರ್ಮಿಗಳ ಬೀದಿಯಿದೆ. ಹಿಂದೆ ಆಯುಧ ಮಸೆಯುತ್ತಿದ್ದ ಶಿಕಲ್ಗಾರರ ಮನೆತನಗಳು ಸಿತಾರ್, ತಂಬೂರಿಗೆ ಕೈ ಹಾಕಿ ತಲೆಮಾರುಗಳೇ ಕಳೆದಿವೆ. ಸೋರೆ ಮಂಗಳವೇಢೆಯ ಕಡೆಯಿಂದ, ಮರ ಕರ್ನಾಟಕದ ಕಾಡುಗಳಿಂದ. 2024ರಲ್ಲಿ ಮೀರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಬಂದಿದೆ. ಊರಿಗೆ ಹೋಗುವ ದಾರಿಯಲ್ಲಿ ಗಿಟಾರ್ ಹುಡುಗರು ಒಂದು ದಿನ ಅಲ್ಲಿ ಇಳಿದು, ತಂತಿಯಡಿಯ ಕುದುರೆಯನ್ನು ಎಳೆ ಎಳೆಯಾಗಿ ಉಜ್ಜಿ ನಾದ ಬಿಡಿಸುವುದನ್ನು ನೋಡಿದರೆ ಪಿಕಪ್ಪಿಗೆ ಹಣ ಸುರಿಯುವ ಆತುರ ತುಸು ತಗ್ಗೀತು.

ಕೊನೆಗೊಂದು ಮಾತು ಹುಡುಗರಿಗಿಂತ ಹೆಚ್ಚಾಗಿ ಕಾರ್ಯಕ್ರಮ ಸಂಯೋಜಕರಿಗೆ. ಗಿಟಾರಿನ ತಂತಿ ವಯರಿನ ಮೂಲಕ ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆಗೆ, ಅಲ್ಲಿಂದ ಮೂರನೆಯ ಪಿನ್ನಿನ ಮೂಲಕ ನೆಲಕ್ಕೆ ಸೇರಿರುತ್ತದೆ. ಗುಂಯ್ ಸದ್ದು ಹೋಗಲಿ ಎಂದು ಪೆಂಡಾಲುಗಳಲ್ಲಿ ಆ ಮೂರನೆಯ ಪಿನ್ ಕಿತ್ತು ಹಾಕುವುದುಂಟು. ಸದ್ದು ಹೋಗುತ್ತದೆ, ಜೊತೆಗೆ ರಕ್ಷಣೆಯೂ ಹೋಗುತ್ತದೆ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವಾಗ ಎರಡರ ನಡುವೆ ಕರೆಂಟ್ ಹರಿದರೆ ದಾರಿ ಹಾಡುವವನ ಎದೆಯ ಮೂಲಕವೇ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ತ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಪ್ರಾಣ ಬಿಟ್ಟರು. ಹೂವಿನ ಅಲಂಕಾರದವನಿಗೆ ಮಧ್ಯಾಹ್ನವೇ ಬರಹೇಳುವ ಸಂಘಗಳು ಎಲೆಕ್ಟ್ರಿಷಿಯನ್ನನನ್ನೂ ಅದೇ ಹೊತ್ತಿಗೆ ಕರೆಸಿ, ಮೈಕ್ ಮತ್ತು ಆಂಪ್ಲಿಫೈಯರಿನ ಅರ್ತಿಂಗ್ ಪರೀಕ್ಷಿಸಿದ ಮೇಲೆಯೇ ಮಕ್ಕಳ ಕೈಗೆ ಗಿಟಾರ್ ಕೊಡಬೇಕು.

ಬಿಚ್ಚಿದ ಹಳೆಯ ಪಿಕಪ್, ಸ್ಕ್ರೂ, ಗುಂಡಿಗಳನ್ನು ಗುಜರಿಗೆ ಹಾಕದೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕಟ್ಟಿಡುವುದು ಲೇಸು. ಹೊಸ ಪಿಕಪ್ ಹಾಕಿ ಆರು ತಿಂಗಳಾದ ಮೇಲೆ ಹಳೆಯದೇ ಚೆನ್ನಾಗಿತ್ತು ಎಂದು ಡಬ್ಬಿ ಹುಡುಕುವವರು ಕಡಿಮೆಯೇನಲ್ಲ.