ಕೆರೆಯೊಳಗಿನ ಮತ್ಸ್ಯನ್ಯಾಯ

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುತ್ತದೆಂಬ ಮಾತನ್ನು ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವೆಲ್ಲರೂ ಕೇಳಿರುವೆವಷ್ಟೆ. ದಂಡ ಹಿಡಿಯುವ ಅರಸನಿಲ್ಲದ ನಾಡಿನಲ್ಲಿ ಬಲವುಳ್ಳವನು ಬಲಹೀನನನ್ನು ನುಂಗುವನೆಂದು ಹೇಳುವಾಗ ಕೌಟಿಲ್ಯನು ಇದನ್ನೇ ಮತ್ಸ್ಯನ್ಯಾಯವೆಂದು ಕರೆದನು. (ಅವನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಮೈಸೂರಿನಲ್ಲಿ ಅಚ್ಚು ಹಾಕಿಸಿದ ಆರ್. ಶಾಮಶಾಸ್ತ್ರಿಗಳು ನಮ್ಮವರೇ ಎಂಬುದು ಹೆಮ್ಮೆಯ ಸಂಗತಿ.) ರಾಜನೀತಿಗೆ ಚೆನ್ನಾಗಿ ಒಪ್ಪುವ ಈ ಹೋಲಿಕೆ ಕೆರೆಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ? ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯವನಾದ ನನಗೆ ಈ ಪ್ರಶ್ನೆ ಬರಿಯ ಪುಸ್ತಕದ ಪ್ರಶ್ನೆಯಲ್ಲ. ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಗದ್ದೆಯಿಂದ ಬಸಿದ ನೀರು ಕೂಡುವ ಕೆರೆ ಕಟ್ಟೆಗಳು, ಇವು ನಮ್ಮ ಸೀಮೆಯ ಬದುಕು.

ಕೆರೆಯ ಒಂದು ತೊಟ್ಟು ನೀರನ್ನು ವಿಜ್ಞಾನ ವಿಭಾಗದ ಮಿತ್ರನೊಬ್ಬನು ನನಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದನು. ಬರಿಗಣ್ಣಿಗೆ ತಿಳಿಯಾಗಿದ್ದ ಆ ತೊಟ್ಟಿನಲ್ಲಿ ಒಂದು ಸಂತೆಯೇ ನೆರೆದಿತ್ತು. ಹಸಿರು ಉಂಡೆಗಳು, ನೂಲಿನಂಥ ಎಳೆಗಳು, ಗಾಜಿನ ಪೆಟ್ಟಿಗೆಯಂಥ ಡಯಾಟಮುಗಳು. ಇವುಗಳ ನಡುವೆ ತಲೆಯ ಮೇಲೆ ಚಕ್ರ ತಿರುಗಿಸುವಂತೆ ಕಾಣುವ ರೋಟಿಫರುಗಳು, ಕುಪ್ಪಳಿಸುವ ನೀರುಚಿಗಟಗಳು, ಒಂಟಿಗಣ್ಣಿನ ಸೈಕ್ಲಾಪ್ಸ್. (ಮೆಟ್ಟಿಲಬಾವಿಯ ನೀರು ಕುಡಿದವರಿಗೆ ನಾರುಹುಣ್ಣು ತಗಲುತ್ತಿದ್ದುದು ಈ ಸೈಕ್ಲಾಪ್ಸಿನ ಮೂಲಕವೇ. ಭಾರತವು ಆ ರೋಗದಿಂದ ಮುಕ್ತವೆಂದು 2000ದಲ್ಲಿ ಘೋಷಿತವಾಯಿತು.) ನೀರಿನ ಚಲನೆಗೆ ಒಳಗಾಗಿ ತೇಲಾಡುವ ಈ ಜೀವಿಗಳಿಗೆಲ್ಲ ಸೇರಿ ಪ್ಲವಕಗಳೆಂದು ಹೆಸರು. ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವವು ಸಸ್ಯಪ್ಲವಕಗಳು. ಅವನ್ನು ಮೇಯುವವು ಪ್ರಾಣಿಪ್ಲವಕಗಳು. ಗದ್ದೆಗೆ ಭತ್ತ ಹೇಗೋ ಕೆರೆಗೆ ಸಸ್ಯಪ್ಲವಕ ಹಾಗೆ.

ಇನ್ನು ಮೀನುಗಳಿಗೆ ಬರೋಣ. ನಮ್ಮ ಕೆರೆಗಳಲ್ಲಿ ಮರಿ ಬಿಟ್ಟು ಬೆಳೆಸುವ ಮೀನುಗಳಲ್ಲಿ ಕಾಟ್ಲಾ ಬಲು ಬೇಗ ದಪ್ಪನಾಗುವಂಥದು. ಇಷ್ಟು ದೊಡ್ಡ ಮೀನು ಯಾವ ಚಿಕ್ಕ ಮೀನನ್ನು ನುಂಗುತ್ತದೆ? ಯಾವುದನ್ನೂ ನುಂಗುವುದಿಲ್ಲ. ನೀರಿನ ಮೇಲ್ಮಟ್ಟದಲ್ಲಿ ಬಾಯಿ ತೆರೆದು ಪ್ಲವಕಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನಲ್ಲಿ ಪಾಚಿ, ಕೊಳೆತ ಎಲೆಗಳನ್ನೂ ಮೃಗಾಲ್ ತಳದ ಕೆಸರಿನಲ್ಲಿರುವ ಕೊಳೆತ ಪದಾರ್ಥಗಳನ್ನೂ ತಿಂದು ಬದುಕುತ್ತವೆ. ಒಂದೇ ಮನೆಯಲ್ಲಿ ಅಟ್ಟ, ನಡುಮನೆ, ನೆಲಮಾಳಿಗೆಗಳನ್ನು ಹಂಚಿಕೊಂಡ ಮೂವರು ಅಣ್ಣತಮ್ಮಂದಿರಂತೆ ಇವು ಜಗಳವಿಲ್ಲದೆ ಬಾಳುತ್ತವೆ. ಮತ್ಸ್ಯನ್ಯಾಯಕ್ಕೆ ತಕ್ಕಂತೆ ನಡೆಯುವವು ಬಾಳೆಮೀನು, ಕೊರವ ಮೊದಲಾದ ಕೆಲವು ಮಾತ್ರ.

ಇದರ ಹಿಂದೆ ಒಂದು ಲೆಕ್ಕವಿದೆ. ಅಮೆರಿಕದ ಮಿನೆಸೋಟದಲ್ಲಿ ಒಂದು ಸಣ್ಣ ಸರೋವರವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ರೇಮಂಡ್ ಲಿಂಡೆಮನ್ ಎಂಬ ತರುಣನು, ಆಹಾರವು ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಏರುವಾಗ ಶಕ್ತಿಯ ಬಹುಭಾಗ ಸೋರಿಹೋಗುವುದೆಂದು 1942ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ತೋರಿಸಿದನು. ಆ ಪ್ರಬಂಧ ಅಚ್ಚಾಗಿ ಬರುವ ಹೊತ್ತಿಗೆ ಆತ ತೀರಿಕೊಂಡಿದ್ದನು. ವಯಸ್ಸು 27 ತುಂಬಿರಲಿಲ್ಲ. ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲಕ್ಕೆ ಹೋಗುತ್ತದೆನ್ನಬಹುದು. ನೂರು ಮಣ ಸಸ್ಯಪ್ಲವಕದಿಂದ ಹತ್ತು ಮಣ ಪ್ರಾಣಿಪ್ಲವಕ. ಅದರಿಂದ ಒಂದು ಮಣ ಕಾಟ್ಲಾ. ಆ ಹತ್ತು ಮಣವನ್ನು ಮೊದಲು ಸಣ್ಣ ಮೀನು ತಿಂದು, ಅದನ್ನು ಬಾಳೆಮೀನು ತಿಂದರೆ ಕೈಗೆ ಬರುವುದು ನಾಲ್ಕು ಸೇರು ಮಾತ್ರ. ಕೆರೆಯನ್ನು ಗುತ್ತಿಗೆ ಹಿಡಿದವರು ಕಾಟ್ಲಾ ಮರಿಯನ್ನೇ ಬಯಸುವುದು ಏತಕ್ಕೆಂದು ಇದರಿಂದ ತಿಳಿಯುತ್ತದೆ.

ಆದರೆ ಮೀನು ತಿನ್ನುವುದು ನೀರನ್ನೂ ಬದಲಿಸುತ್ತದೆ. ಇದು ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡ ಸಂಗತಿ. ಕನೆಕ್ಟಿಕಟ್ಟಿನ ಒಂದು ಸರೋವರಕ್ಕೆ ಪ್ಲವಕ ತಿನ್ನುವ ಸಣ್ಣ ಮೀನು ಬಂದ ಮೇಲೆ ದೊಡ್ಡ ನೀರುಚಿಗಟಗಳು ಕಾಣೆಯಾಗಿ ಚಿಕ್ಕವು ಮಾತ್ರ ಉಳಿದುದನ್ನು ಬ್ರೂಕ್ಸ್ ಮತ್ತು ಡಾಡ್‌ಸನ್ ಎಂಬುವರು 1965ರಲ್ಲಿ ವರದಿ ಮಾಡಿದರು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1928ರಲ್ಲಿ ಭಾರತಕ್ಕೆ ತಂದ ಗಂಬೂಸಿಯಾ ಮೀನಿನ ಕಥೆಯೂ ಇಂಥದೇ. ಅದನ್ನು ಬಿಟ್ಟ ಪ್ರಯೋಗದ ಕೊಳಗಳಲ್ಲಿ ಪ್ರಾಣಿಪ್ಲವಕ ನಾಶವಾಗಿ, ಮೇಯುವವರಿಲ್ಲದೆ ಪಾಚಿ ಹೆಚ್ಚಿ, ನೀರು ಹಸಿರಾದುದನ್ನು 1972ರಲ್ಲಿ ಹರ್ಲ್‌ಬರ್ಟ್ ಮತ್ತು ಸಂಗಡಿಗರು ತೋರಿಸಿದರು.

ಹಾಗಾದರೆ ಪ್ಲವಕ ತಿನ್ನುವ ಮೀನನ್ನು ತೆಗೆದುಬಿಟ್ಟರೆ ಕೆರೆ ತಿಳಿಯಾಗುವುದೇ ಎಂದು ಯಾರಾದರೂ ಕೇಳಬಹುದು. ತಂಪು ದೇಶಗಳಲ್ಲಿ ಈ ಉಪಾಯ ಕೆಲವೆಡೆ ಫಲಿಸಿದೆ. ನಮ್ಮ ಬೆಚ್ಚನೆಯ ನೀರಿನಲ್ಲಿ ದೊಡ್ಡ ನೀರುಚಿಗಟಗಳು ಮೊದಲೇ ವಿರಳ; ಸಿಕ್ಕಿದ್ದನ್ನೆಲ್ಲ ತಿನ್ನುವ ಮೀನುಗಳೂ ಹೆಚ್ಚು. 1952ರಲ್ಲಿ ಭಾರತಕ್ಕೆ ಬಂದ ಜಿಲೇಬಿ ಮೀನು ಪಾಚಿಯನ್ನೂ ಬಿಡದು, ಹುಳುವನ್ನೂ ಬಿಡದು. ಆದ್ದರಿಂದ ಇಲ್ಲಿ ಮೀನಿಗಿಂತ ಮೊದಲು ನೋಡಬೇಕಾದುದು ಗೊಬ್ಬರ. ಗದ್ದೆಯಿಂದ ಬಸಿದ ಸಾರಜನಕ, ರಂಜಕಗಳೂ ಊರಿನ ಚರಂಡಿಯೂ ಕೆರೆಗೆ ಸೇರಿದರೆ ಸಸ್ಯಪ್ಲವಕಕ್ಕೆ ಹಬ್ಬ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನೇ ನೋಡಿರಿ: ಅದರಿಂದ ಹೊರಡುವ ಹರಿದ್ರಾ ಹಳ್ಳ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ, ಅದರ ನೀರು ಗದ್ದೆಗೂ ಬೇಕು, ಚಿತ್ರದುರ್ಗದ ಕುಡಿಯುವ ನೀರಿನ ಕೊಳವೆಗೂ ಬೇಕು, ಮೀನುಗಾರನ ಬಲೆಗೂ ಬೇಕು. ದಾವಣಗೆರೆಯ ಜನ ಕುಡಿಯುವ ಕುಂದವಾಡ ಕೆರೆಗೆ ಬರುವುದೂ ಭದ್ರಾ ನಾಲೆಯ ನೀರೇ.

ಪಾಚಿ ಅತಿಯಾಗಿ ಬೆಳೆದ ಕೆರೆಯಲ್ಲಿ ಒಂದು ಬೆಳಗ್ಗೆ ಮೀನುಗಳೆಲ್ಲ ಸತ್ತು ತೇಲುವುದುಂಟು. ಕೂಡಲೇ ಊರಿನಲ್ಲಿ ಹುಟ್ಟುವ ಮಾತು, 'ಯಾರೋ ವಿಷ ಹಾಕಿದಾರೆ' ಎಂಬುದು. ಗುತ್ತಿಗೆ ತಪ್ಪಿದವನ ಮೇಲೆ, ಹಳೆಯ ವೈರಿಯ ಮೇಲೆ ಗುಮಾನಿ ಹರಿದು ಕೈಕೈ ಮಿಲಾಯಿಸುವವರೆಗೆ ಹೋಗುವುದನ್ನು ನಾನು ಕೇಳಿಬಲ್ಲೆ. ವಿಷ ಹಾಕುವವರು ಇಲ್ಲವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಹಗಲಿನಲ್ಲಿ ಆಮ್ಲಜನಕವನ್ನು ಕೊಡುವ ಅದೇ ಪಾಚಿ ಇರುಳಿನಲ್ಲಿ ತಾನೂ ಉಸಿರಾಡಿ ಅದನ್ನು ಖರ್ಚುಮಾಡುತ್ತದೆ. ಎರಡು ಮೂರು ದಿನ ಮೋಡ ಮುಸುಕಿ ಬಿಸಿಲಿಲ್ಲದೆ ಹೋದರೆ ಹಗಲಿನ ಗಳಿಕೆಯೂ ಇಳಿದು, ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರೇ ಉಳಿಯುವುದಿಲ್ಲ.

ಇವೆರಡನ್ನೂ ಬೇರ್ಪಡಿಸಿ ಗುರುತಿಸಲು ಕೆಲವು ಕುರುಹುಗಳಿವೆ. ಉಸಿರುಗಟ್ಟಿದ ಕೆರೆಯಲ್ಲಿ ಸಾಯುವ ಮುನ್ನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಸಾಮಾನ್ಯವಾಗಿ ದೊಡ್ಡವು ಮೊದಲು ಸಾಯುತ್ತವೆ. ಗಾಳಿಯನ್ನೇ ನೇರವಾಗಿ ಕುಡಿಯಬಲ್ಲ ಕೊರವ, ಮುರುಗೋಡು, ಚೇಳುಮೀನುಗಳು ಮಾತ್ರ ಬದುಕಿ ಓಡಾಡುತ್ತಿರುತ್ತವೆ. ಕೀಟನಾಶಕ ಬಿದ್ದಿದ್ದರೆ ಮರಿಗಳೂ ನೀರುಹುಳುಗಳೂ ಮೊದಲೇ ಸತ್ತಿರುತ್ತವೆ. ಹೊತ್ತುಗೊತ್ತಿನ ನಿಯಮವೂ ಇರುವುದಿಲ್ಲ. ಆಮ್ಲಜನಕದ ಪರೀಕ್ಷೆ ಮಾಡಿಸುವುದಿದ್ದರೆ ಸೂರ್ಯ ಮೇಲೇರುವ ಮೊದಲೇ, ಕೆರೆಯ ದಡದಲ್ಲಿಯೇ ಮಾಡಿಸಬೇಕು. ಪಂಚಾಯಿತಿ ಸೇರಿ, ಜಗಳವಾಗಿ, ಮಧ್ಯಾಹ್ನದ ಬಿಸಿಲಿನಲ್ಲಿ ಯಾರಾದರೂ ಸೀಸೆ ಹಿಡಿದು ಕೆರೆಗೆ ಇಳಿಯುವ ಹೊತ್ತಿಗೆ ಬದುಕುಳಿದ ಪಾಚಿ ಮತ್ತೆ ನೀರಿಗೆ ಆಮ್ಲಜನಕವನ್ನು ತುಂಬಿರುತ್ತದೆ.